ತೊಳೆದ ಕಾರು ಎರಡೇ ದಿನಕ್ಕೆ ಮಂಕಾಗುತ್ತಿದೆಯಾ? ಕಾರಣ ಹುಡುಕುವುದು ಹೀಗೆ

ಕಾರಿನ ಮೇಲೆ ಕಲೆ ಕಂಡ ತಕ್ಷಣ ಹೆಚ್ಚಿನವರು ಮಾಡುವ ಕೆಲಸ ಒಂದೇ. ಸೀಟಿನ ಕೆಳಗಿರುವ ಹಳದಿ ಬಟ್ಟೆ ತೆಗೆದು ಜೋರಾಗಿ ಉಜ್ಜುವುದು. ಕಲೆ ಹೋಗಬಹುದು, ಹೋಗದೆಯೂ ಇರಬಹುದು. ಗೀರು ಮಾತ್ರ ಖಂಡಿತ ಬೀಳುತ್ತದೆ. ಧೂಳಿಗಿಂತ, ಬಿಸಿಲಿಗಿಂತ ಜಾಸ್ತಿ ಕಾರಿನ ಹೊಳಪು ಹೋಗುವುದು ಒಣ ಬಟ್ಟೆಯಿಂದ ಅನ್ನುವುದು ನನ್ನ ಗಟ್ಟಿ ನಂಬಿಕೆ. ಹಾಗಾಗಿ ಈ ಬರಹ ಪೂರ್ತಿ ಒಂದೇ ವಿಷಯದ ಬಗ್ಗೆ: ಕೈ ಹಾಕುವ ಮೊದಲು ಆ ಕಲೆ ಏನು ಅಂತ ಗುರುತಿಸುವುದು ಹೇಗೆ.

ಯಾವ ಕಲೆಯಾದರೂ ಮೂರರಲ್ಲಿ ಒಂದು. ಪೇಂಟ್ ಮೇಲೆ ಸುಮ್ನೆ ಕೂತಿರುತ್ತದೆ, ಇಲ್ಲ ಅಂಟಿಕೊಂಡಿರುತ್ತದೆ, ಇಲ್ಲ ಪೇಂಟನ್ನೇ ತಿಂದಿರುತ್ತದೆ. ಕೂತಿರುವುದು ನೀರಿಗೆ ಹೋಗುತ್ತದೆ. ಅಂಟಿರುವುದಕ್ಕೆ ಅದನ್ನು ಕರಗಿಸುವ ವಸ್ತು ಬೇಕು. ತಿಂದಿದ್ದರೆ ಪಾಲಿಶ್ ಒಂದೇ ದಾರಿ. ಪಾಲಿಶ್ ಅಂದರೆ ಮೇಲಿನ ಪದರವನ್ನು ಸ್ವಲ್ಪ ಸವೆಸಿ ಸಮ ಮಾಡುವುದು. ಬಣ್ಣದ ಮೇಲಿರುವ ಆ ಪಾರದರ್ಶಕ ಪದರಕ್ಕೆ ಕ್ಲಿಯರ್ ಕೋಟ್ ಅಂತಾರೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್ ಅಷ್ಟೇ. ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗವೂ ಕಷ್ಟ. ಪ್ರತಿ ವರ್ಷ ಪಾಲಿಶ್ ಮಾಡಿಸುತ್ತಾ ಹೋದರೆ ಸವೆಸಲು ಏನೂ ಉಳಿಯಲ್ಲ.

ಮೊದಲು ನಾಲ್ಕು ಪರೀಕ್ಷೆ

ಇವಕ್ಕೆ ದುಡ್ಡು ಬೇಡ, ಐದು ನಿಮಿಷ ಸಾಕು. ಕಾರು ತೊಳೆದು ಒಣಗಿದ ಮೇಲೆ ಮಾಡಿ. ಧೂಳು ಇದ್ದಾಗ ಮಾಡಿದರೆ ಪರೀಕ್ಷೆಯೇ ಗೀರಾಗುತ್ತದೆ.

ಕಲೆಯ ಮೇಲೆ ಸ್ವಲ್ಪ ಶುದ್ಧ ನೀರು ಚಿಮುಕಿಸಿ. ಒದ್ದೆಯಾದಾಗ ಕಲೆ ಮಾಯವಾಗಿ, ಒಣಗಿದ ಮೇಲೆ ಮತ್ತೆ ಬಂದರೆ ಎರಡು ಸಾಧ್ಯತೆ ಇದೆ: ತೆಳು ಗೀರು, ಇಲ್ಲವೇ ನೀರಿನ ಉಪ್ಪು. ಬೆರಳ ತುದಿಯಿಂದ ಮೆಲ್ಲಗೆ ಮುಟ್ಟಿ ನೋಡಿ. ತರಿತರಿ ಅನ್ನಿಸಿದರೆ ಉಪ್ಪು. ನುಣುಪಾಗಿದ್ದರೆ ಗೀರು, ಇಲ್ಲ ಉಪ್ಪು ಆಗಲೇ ಕ್ಲಿಯರ್ ಕೋಟ್ ತಿಂದು ಹೋಗಿದೆ.

ಎರಡನೆಯದು ಟಾರ್ಚ್. ರಾತ್ರಿ ಹೊತ್ತು ಅಥವಾ ಕತ್ತಲಿರುವ ಬೇಸ್‌ಮೆಂಟಿನಲ್ಲಿ ಫೋನಿನ ಟಾರ್ಚನ್ನು ಬಾನೆಟ್ ಹತ್ತಿರ ಹಿಡಿಯಿರಿ. ಬೆಳಕಿನ ಸುತ್ತ ಜೇಡರ ಬಲೆಯಂಥ ಸುತ್ತು ಗೆರೆಗಳು ಕಂಡರೆ ಅವು ಬಟ್ಟೆ ಉಜ್ಜಿದ ಗೀರುಗಳು. ಹಗಲಿನ ನೆರಳಿನಲ್ಲಿ ಇವು ಕಾಣಿಸುವುದೇ ಇಲ್ಲ. ಸಂಜೆ ಓರೆ ಬಿಸಿಲು ಬಿದ್ದಾಗ ಕಪ್ಪು ಕಾರು ಇದ್ದಕ್ಕಿದ್ದಂತೆ ಹಳೆಯದಾಗಿ ಕಾಣುವುದು ಇದಕ್ಕೇ.

ಮೂರನೆಯದಕ್ಕೆ ತೆಳು ಪ್ಲಾಸ್ಟಿಕ್ ಕವರ್ ಒಂದು ಬೇಕು. ಅದರೊಳಗೆ ಕೈ ಹಾಕಿ, ತೊಳೆದ ಪೇಂಟ್ ಮೇಲೆ ಬೆರಳು ಜಾರಿಸಿ. ಬರೀ ಬೆರಳಿಗೆ ಗೊತ್ತಾಗದ ಸಣ್ಣ ಸಣ್ಣ ಕಣಗಳು ಕವರಿನ ಮೂಲಕ ಸ್ಪಷ್ಟವಾಗಿ ಗೊತ್ತಾಗುತ್ತವೆ. ಮರಳು ಕಾಗದದ ಹಾಗೆ ಸದ್ದು ಬಂದರೆ ಪೇಂಟಿನಲ್ಲಿ ಏನೋ ಕಚ್ಚಿಕೊಂಡು ಕೂತಿದೆ, ಕಾರು ತೊಳೆಯುವ ಶಾಂಪೂಗೆ ಅದು ಹೋಗಲ್ಲ.

ಕೊನೆಯದು ಉಗುರು. ಗೀರಿನ ಅಡ್ಡಕ್ಕೆ ಉಗುರು ಎಳೆಯಿರಿ. ತಡೆದರೆ ಗೀರು ಆಳವಾಗಿದೆ, ಪಾಲಿಶ್‌ಗೆ ಬಗ್ಗುವುದು ಕಷ್ಟ. ಅಲ್ಲಿ ಟಚ್‌ಅಪ್ ಪೇಂಟ್ ಬೇಕಾಗುತ್ತದೆ. ಬಣ್ಣದ ಕೋಡ್ ಬಾಗಿಲ ಕಂಬದ ಹತ್ತಿರವೋ ಬಾನೆಟ್ ಒಳಗೋ ಅಂಟಿಸಿರುವ ಚೀಟಿಯಲ್ಲಿ ಅಥವಾ ಪ್ಲೇಟಿನಲ್ಲಿ ಇರುತ್ತದೆ.

ಬಿಳಿ ಚುಕ್ಕೆಗಳು

ನಮ್ಮ ಕಡೆ ಅತಿ ಹೆಚ್ಚು ಬರುವ ದೂರು ಇದು. ತೊಳೆದ ದಿನವೇ ಕಾಣಿಸಿಕೊಂಡರೆ ಅನುಮಾನವೇ ಬೇಡ, ಬೋರ್‌ವೆಲ್ ನೀರು. ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತದೆ. ನೀರು ಆರಿ ಹೋಗುತ್ತದೆ, ಅವು ಅಲ್ಲೇ ಉಳಿಯುತ್ತವೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರ ತನಕ ಸಹಿಸಬಹುದು ಅನ್ನುತ್ತದೆ. ಆ ಮೇಲಿನ ಮಿತಿಯ ಹತ್ತಿರ ಇರುವ ನೀರಿನಲ್ಲಿ ಬಿಸಿಲಲ್ಲಿ ನಿಂತ ಕಾರು ತೊಳೆದು ಹಾಗೇ ಒಣಗಲು ಬಿಟ್ಟರೆ ಏನಾಗುತ್ತದೆ ಅಂತ ನೀವೇ ಊಹಿಸಿ. ಮನೆಯ ಸ್ಟೀಲ್ ನಲ್ಲಿಯ ಮೇಲೆ ಬಿಳಿ ಪದರ ಕಟ್ಟುತ್ತದಲ್ವಾ, ಅದೇ ಇದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಆರ್‌ಒ ಯಂತ್ರದಿಂದ ಹೊರಗೆ ಬರುವ ವೇಸ್ಟ್ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಕಾರು ತೊಳೆಯುವವರು ತುಂಬಾ ಇದ್ದಾರೆ. ನೀರು ಉಳಿಸುವ ಆಸೆ ಒಳ್ಳೆಯದೇ. ಆದರೆ ಆ ನೀರಿನಲ್ಲಿ ಉಪ್ಪಿನಂಶ ಮೂಲ ನೀರಿಗಿಂತ ಜಾಸ್ತಿ ಇರುತ್ತದೆ, ಯಂತ್ರ ಬೇರ್ಪಡಿಸಿದ್ದು ಅದನ್ನೇ. ಟೈರು, ಚಕ್ರದ ಗೂಡು, ಕೆಸರು ಬಿಡಿಸುವುದಕ್ಕೆ ಬಳಸಿ. ಬಾನೆಟ್ಟು, ಗಾಜಿಗೆ ಕೊನೆಯ ನೀರಾಗಿ ಮಾತ್ರ ಬೇಡ. ಕೊನೆಗೆ ಒಂದೆರಡು ಮಗ್ ಒಳ್ಳೆಯ ನೀರು ಹಾಕಿ, ತಕ್ಷಣ ಒರೆಸಿ ಒಣಗಿಸಿದರೆ ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು.

ತೊಳೆಯದೇ ಇದ್ದರೂ ಒಂದು ಪಕ್ಕಕ್ಕೆ ಮಾತ್ರ ಚುಕ್ಕೆ ಬೀಳುತ್ತಿದ್ದರೆ ಹತ್ತಿರದ ಹುಲ್ಲುಹಾಸಿನ ಸ್ಪ್ರಿಂಕ್ಲರ್ ನೋಡಿ. ಗಾಳಿಗೆ ಅದರ ನೀರು ಹಾರಿ ಬರುತ್ತಿರುತ್ತದೆ.

ಹೊಸ ಚುಕ್ಕೆಗೆ ಮದ್ದು ಬಿಳಿ ವಿನಿಗರ್. ಅಷ್ಟೇ ನೀರು ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಅದ್ದಿ, ಕಲೆಯ ಮೇಲೆ ಒಂದೆರಡು ನಿಮಿಷ ಇಟ್ಟು, ಮೆಲ್ಲಗೆ ಒರೆಸಿ, ಆಮೇಲೆ ಧಾರಾಳ ನೀರಿನಲ್ಲಿ ತೊಳೆಯಿರಿ. ನೆರಳಿನಲ್ಲಿ ಮಾಡಬೇಕು, ಪೇಂಟ್ ತಣ್ಣಗಿರಬೇಕು. ಹೀಗೆ ಮಾಡಿದ ಮೇಲೂ ಚುಕ್ಕೆಯ ಅಂಚು ಉಂಗುರದ ಹಾಗೆ ಉಳಿದಿದ್ದರೆ ಅದು ತಿಂದ ಗುರುತು. ಮತ್ತೆ ಮತ್ತೆ ವಿನಿಗರ್ ಹಚ್ಚಿ ಪ್ರಯೋಜನ ಇಲ್ಲ.

ಇನ್ನೊಂದು ಜಾತಿಯ ಬಿಳಿ ಕಲೆ ಇದೆ, ಇದು ಅಪಾರ್ಟ್‌ಮೆಂಟಿನವರದ್ದು. ಬೇಸ್‌ಮೆಂಟಿನ ಮೇಲ್ಛಾವಣಿ ಸೋರಿ, ಕಾಂಕ್ರೀಟಿನ ಸುಣ್ಣವನ್ನು ಕರಗಿಸಿಕೊಂಡು ಬಂದ ನೀರು ತೊಟ್ಟಿಕ್ಕುತ್ತದೆ. ಗಾಳಿಗೆ ಸಿಕ್ಕಿ ಗಟ್ಟಿಯಾಗುತ್ತದೆ. ಬೋರ್‌ವೆಲ್ ಚುಕ್ಕೆ ಚಪ್ಪಟೆ, ಎಲ್ಲ ಕಡೆ ಹರಡಿರುತ್ತದೆ. ಇದು ದಪ್ಪ, ಸಾಲಾಗಿ ಒಂದೇ ಜಾಗದಲ್ಲಿ ಇರುತ್ತದೆ, ಕೆಳಕ್ಕೆ ಇಳಿದ ಗೆರೆಯೂ ಕಾಣುತ್ತದೆ. ಅನುಮಾನ ಇದ್ದರೆ ಕಾರು ತೆಗೆದು ನೆಲ ನೋಡಿ, ಮೇಲೆ ಛಾವಣಿ ನೋಡಿ. ಎರಡೂ ಕಡೆ ಬಿಳಿ ಗುರುತು ಸಿಗುತ್ತದೆ. ಕೆಲವು ಕಡೆ ಛಾವಣಿಯಿಂದ ಸಣ್ಣ ಬಿಳಿ ಕಡ್ಡಿಗಳೇ ಇಳಿಬಿದ್ದಿರುತ್ತವೆ.

ಈ ಸುಣ್ಣದ ನೀರು ಕ್ಷಾರ, ಪೇಂಟಿಗೆ ಬಹಳ ಕೆಟ್ಟದ್ದು. ಹಸಿ ಇರುವಾಗಲೇ ನೀರಲ್ಲಿ ತೊಳೆದರೆ ಬಚಾವ್. ಗಟ್ಟಿಯಾಗಿದ್ದರೆ ಬ್ಲೇಡು, ನಾಣ್ಯ, ಉಗುರು ಯಾವುದೂ ಬೇಡ. ವಿನಿಗರ್ ನೀರಿನಲ್ಲಿ ನೆನೆಸಿದ ಟಿಶ್ಯೂ ಹಚ್ಚಿ, ಐದು ನಿಮಿಷ ಬಿಟ್ಟು, ತೊಳೆದು, ಮತ್ತೆ ಹಚ್ಚಿ. ಹಂತ ಹಂತವಾಗಿ ಕರಗುತ್ತದೆ, ಆತುರ ಮಾಡಬೇಡಿ. ಆದರೆ ಛಾವಣಿ ಸೋರುವ ತನಕ ಇದು ಮುಗಿಯುವ ಕೆಲಸ ಅಲ್ಲ. ಅಸೋಸಿಯೇಷನ್‌ಗೆ ಫೋಟೋ ಸಮೇತ ಬರೆದು ಕೊಡಿ. ಸರಿಪಡಿಸುವ ತನಕ ಸೋರುವ ಜಾಗದ ಕೆಳಗೆ ಒಂದು ತಗಡು ಕಟ್ಟಿಸಿ ನೀರನ್ನು ಪಕ್ಕಕ್ಕೆ ಹರಿಸಲಿ, ಅದು ಅವರಿಗೆ ದೊಡ್ಡ ಖರ್ಚೇನಲ್ಲ.

ಅಂಟಂಟು ಹನಿ

ಮರದ ಕೆಳಗೆ ನಿಲ್ಲಿಸಿದ ಕಾರಿನ ಮೇಲೆ ಬೆಳಿಗ್ಗೆ ಸಣ್ಣ ಸಣ್ಣ ಹನಿ, ಮುಟ್ಟಿದರೆ ಅಂಟು. ಎಲ್ಲರೂ ಇದನ್ನು ಮರದ ಗೋಂದು ಅಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಅಲ್ಲ. ಎಲೆಯ ರಸ ಹೀರುವ ಸಣ್ಣ ಹುಳುಗಳು ಹೊರಹಾಕುವ ಸಿಹಿ ನೀರು ಅದು. ಸಕ್ಕರೆ ಅಂಶ ಇರುವುದರಿಂದ ನೀರಿನಲ್ಲಿ ಕರಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ ಬಟ್ಟೆ ಎರಡು ನಿಮಿಷ ಹೊದಿಸಿ. ಹೋದರೆ ಹುಳದ್ದು. ವಾರಗಟ್ಟಲೆ ಹಾಗೇ ಬಿಟ್ಟರೆ ಮಾತ್ರ ಅದರ ಮೇಲೆ ಕಪ್ಪು ಬೂಷ್ಟು ಬೆಳೆದು, ಧೂಳು ಸೇರಿ, ಕಾರು ಪೂರ್ತಿ ಮಸಿ ಬಳಿದ ಹಾಗೆ ಆಗುತ್ತದೆ.

ಬೆಚ್ಚನೆಯ ನೀರಿಗೆ ಬಗ್ಗದಿದ್ದರೆ ಅದು ನಿಜವಾದ ಗೋಂದು. ದೊಡ್ಡ ಹನಿ, ಕಂದು ಬಣ್ಣ, ಒಣಗಿದರೆ ಗಾಜಿನಂತೆ ಗಟ್ಟಿ. ಇದಕ್ಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೇಕು. ಬಟ್ಟೆಯ ತುದಿಗೆ ಸ್ವಲ್ಪ ಹಾಕಿ, ಹನಿಯ ಮೇಲೆ ಒತ್ತಿ ಹಿಡಿದು, ಮೆತ್ತಗಾದ ಮೇಲೆ ಎತ್ತಿ ತೆಗೆಯಿರಿ. ಮೊದಲು ಬಾಗಿಲಿನ ಕೆಳಗಡೆ ಎಲ್ಲಾದರೂ ಕಾಣದ ಜಾಗದಲ್ಲಿ ಹಚ್ಚಿ ನೋಡಿ. ಹೊಳಪಿಗೆ, ರಕ್ಷಣೆಗೆ ಅಂತ ಆ ಜಾಗದಲ್ಲಿ ಹಚ್ಚಿದ್ದ ವ್ಯಾಕ್ಸ್ ಕೂಡ ಇದರ ಜೊತೆ ಹೋಗುತ್ತದೆ, ಆಮೇಲೆ ಮತ್ತೆ ಹಚ್ಚಬೇಕು.

ಮಲೆನಾಡು, ಕರಾವಳಿಯವರಿಗೆ ಹಲಸಿನ ಮೇಣದ ಕಾಟ ಇರುತ್ತದೆ. ಕೈಗೆ ಅಂಟಿದರೆ ತೆಂಗಿನೆಣ್ಣೆ ಹಚ್ಚುತ್ತೀರಲ್ವಾ, ಕಾರಿಗೂ ಅದೇ. ಎಣ್ಣೆ ಹಚ್ಚಿ ಬಿಡಿ, ಸಡಿಲ ಆದ ಮೇಲೆ ಒರೆಸಿ, ಶಾಂಪೂ ಹಾಕಿ ಎಣ್ಣೆಯ ಜಿಡ್ಡು ತೆಗೆಯಿರಿ. ಡಾಂಬರಿನ ಕಪ್ಪು ಚುಕ್ಕೆ ಬಾಗಿಲ ಕೆಳಭಾಗದಲ್ಲಿ, ಹಿಂದಿನ ಬಂಪರಿನಲ್ಲಿ ಸಿಗುತ್ತದೆ. ಅದಕ್ಕೆ ಟಾರ್ ರಿಮೂವರ್, ಅದಿಲ್ಲದಿದ್ದರೆ ಸ್ವಲ್ಪ ಸೀಮೆಎಣ್ಣೆ, ತಕ್ಷಣ ಶಾಂಪೂ ನೀರು. ಪೆಟ್ರೋಲ್ ಬೇಡ, ಥಿನ್ನರ್ ಅಂತೂ ಬೇಡವೇ ಬೇಡ.

ಹಿಕ್ಕೆ: ಇದಕ್ಕೆ ಕಾಯುವಂತಿಲ್ಲ

ಬೇರೆ ಹೆಚ್ಚಿನ ಕಲೆಗಳು ಭಾನುವಾರದ ತನಕ ಕಾಯಬಹುದು. ಹಕ್ಕಿ ಹಿಕ್ಕೆ ಕಾಯಲ್ಲ. ಅದರಲ್ಲಿ ಯೂರಿಕ್ ಆಮ್ಲ ಇದೆ. ಬಿಸಿಲಿಗೆ ಪೇಂಟ್ ಹಿಗ್ಗಿ ಮೆತ್ತಗಾಗುತ್ತದೆ, ಹಿಕ್ಕೆ ಒಣಗಿ ಬಿಗಿಯುತ್ತದೆ, ಸಂಜೆ ಪೇಂಟ್ ತಣ್ಣಗಾಗಿ ಕುಗ್ಗುವಾಗ ಹಿಕ್ಕೆಯ ಆಕಾರವೇ ಅಲ್ಲಿ ಅಚ್ಚಾಗಿ ಕೂರುತ್ತದೆ. ಏಪ್ರಿಲ್ ಬಿಸಿಲಲ್ಲಿ ಒಂದು ಹಗಲು ಸಾಕು.

ರಾತ್ರಿ ಬಿದ್ದಿದ್ದು, ಕಂದೋ ನೇರಳೆಯೋ ಬಣ್ಣ, ಒಳಗೆ ಸಣ್ಣ ಬೀಜಗಳಿದ್ದರೆ ಅದು ಬಾವಲಿಯದ್ದು. ಅತ್ತಿ, ಆಲ, ಅರಳಿ, ಗಸಗಸೆ ಹಣ್ಣಿನ ಮರಗಳ ಕೆಳಗೆ ಇದು ನಿತ್ಯದ ಕಥೆ. ಹಣ್ಣು ಬಿಡುವ ಕಾಲ ಮುಗಿಯುವ ತನಕ ಕಾರನ್ನು ಹತ್ತು ಮೀಟರ್ ಆಚೆ ನಿಲ್ಲಿಸಿ, ಅದಕ್ಕಿಂತ ಒಳ್ಳೆಯ ಉಪಾಯ ಇಲ್ಲ.

ತೆಗೆಯುವ ರೀತಿ: ಟಿಶ್ಯೂ ಹಾಸಿ, ನೀರು ಸುರಿದು, ಐದು ನಿಮಿಷ ಬಿಡಿ. ಪೂರ್ತಿ ಮೆತ್ತಗಾದ ಮೇಲೆ ಚಿವುಟಿ ಎತ್ತಿ. ಎಳೆಯಬೇಡಿ. ಹಿಕ್ಕೆಯಲ್ಲಿ ಬೀಜ, ಮರಳಿನ ಕಣ ಇರುತ್ತದೆ, ಎಳೆದರೆ ಅದೇ ಗೀರು ಹಾಕುತ್ತದೆ. ಒಂದು ಸಣ್ಣ ಸ್ಪ್ರೇ ಬಾಟಲಿ ನೀರು, ಎರಡು ಬಟ್ಟೆ ಡಿಕ್ಕಿಯಲ್ಲಿ ಯಾವಾಗಲೂ ಇಟ್ಟುಕೊಳ್ಳಿ. ಹೆದ್ದಾರಿಯಲ್ಲಿ ರಾತ್ರಿ ಓಡಿಸಿದಾಗ ಬಂಪರಿಗೆ ಬಡಿಯುವ ಹುಳುಗಳಿಗೂ ಇದೇ ಚಿಕಿತ್ಸೆ, ಮರುದಿನದ ಒಳಗೆ.

ಬಿಳಿ ಕಾರಿನಲ್ಲಿ ಕಿತ್ತಳೆ ಚುಕ್ಕೆ

ನೋಡಿದ ತಕ್ಷಣ ಎದೆ ಧಸಕ್ಕೆನ್ನುತ್ತದೆ, ಕಾರು ತುಕ್ಕು ಹಿಡಿಯಿತು ಅಂತ. ಸಮಾಧಾನ ಮಾಡಿಕೊಳ್ಳಿ. ತುಕ್ಕು ಒಳಗಿನಿಂದ ಬಂದರೆ ಪೇಂಟ್ ಗುಳ್ಳೆಯ ಹಾಗೆ ಉಬ್ಬುತ್ತದೆ, ಇಲ್ಲ ಕಲ್ಲು ಬಡಿದ ಜಾಗದಲ್ಲಿ ಶುರುವಾಗುತ್ತದೆ. ಸೂಜಿಮೊನೆಯಷ್ಟು ಚುಕ್ಕೆಗಳು ಬಾನೆಟ್, ಬಾಗಿಲು ಎಲ್ಲ ಕಡೆ ಹರಡಿದ್ದರೆ ಅವು ಹೊರಗಿನಿಂದ ಬಂದ ಕಬ್ಬಿಣದ ಪುಡಿ. ಬ್ರೇಕಿನಿಂದ, ರೈಲು ಹಳಿಯಿಂದ, ವೆಲ್ಡಿಂಗ್ ಮತ್ತು ಗ್ರೈಂಡಿಂಗ್ ನಡೆಯುವ ಜಾಗದಿಂದ ಹಾರಿ ಬಂದು ಪೇಂಟಿಗೆ ಕಚ್ಚಿ, ಅಲ್ಲೇ ತುಕ್ಕಾಗುತ್ತದೆ. ಕಪ್ಪು ಕಾರಿನಲ್ಲೂ ಇರುತ್ತದೆ, ಕಣ್ಣಿಗೆ ಕಾಣಲ್ಲ ಅಷ್ಟೇ. ಪ್ಲಾಸ್ಟಿಕ್ ಕವರ್ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ.

ಐರನ್ ರಿಮೂವರ್ ಅಂತ ಸಿಗುತ್ತದೆ. ಸಿಂಪಡಿಸಿದರೆ ಕಬ್ಬಿಣ ಇರುವ ಕಡೆ ನೇರಳೆ ಬಣ್ಣಕ್ಕೆ ತಿರುಗಿ ಇಳಿಯುತ್ತದೆ. ಪರೀಕ್ಷೆಯೂ ಅದೇ, ಮದ್ದೂ ಅದೇ. ಕೆಟ್ಟ ವಾಸನೆ ಬರುತ್ತದೆ, ಗ್ಲೌಸ್ ಹಾಕಿ, ನೆರಳಿನಲ್ಲಿ ಮಾಡಿ, ಒಣಗುವ ಮೊದಲೇ ತೊಳೆಯಿರಿ. ಆಮೇಲೂ ತರಿತರಿ ಉಳಿದರೆ ಕ್ಲೇ ಬಾರ್, ಅಂದರೆ ಕಚ್ಚಿಕೊಂಡ ಕಣಗಳನ್ನು ಎತ್ತಿ ತೆಗೆಯುವ ಜೇಡಿಮಣ್ಣಿನಂಥ ಮೆತ್ತನೆ ತುಂಡು. ಜಾರುವ ದ್ರವ ಧಾರಾಳ ಹಾಕಿಯೇ ಉಜ್ಜಬೇಕು, ನೆಲಕ್ಕೆ ಬಿದ್ದ ಕ್ಲೇ ಸೀದಾ ಕಸದ ಬುಟ್ಟಿಗೆ. ಇದು ವರ್ಷಕ್ಕೆ ಒಂದೆರಡು ಸಲದ ಕೆಲಸ, ಪದೇ ಪದೇ ಮಾಡುವುದಲ್ಲ.

ಸುತ್ತು ಗೀರು: ಎಲ್ಲದಕ್ಕಿಂತ ದೊಡ್ಡ ರೋಗ

ಟಾರ್ಚ್ ಪರೀಕ್ಷೆಯಲ್ಲಿ ಬಲೆ ಕಂಡವರು ಇದನ್ನು ನಿಧಾನವಾಗಿ ಓದಿ. ಮೊದಲು ನೋಡಬೇಕಾದ್ದು ಕಾರಲ್ಲ, ಬಕೆಟ್. ಒಂದೇ ಬಕೆಟ್ ನೀರಿನಲ್ಲಿ ಬೆಳಿಗ್ಗೆ ಹತ್ತು ಹದಿನೈದು ಕಾರು ಒರೆಸಬೇಕಾದ ಪರಿಸ್ಥಿತಿ ನಮ್ಮ ಅಪಾರ್ಟ್‌ಮೆಂಟುಗಳಲ್ಲಿ ಇದೆ. ಮೂರನೇ ಕಾರಿಗೆ ಬರುವಷ್ಟರಲ್ಲಿ ಆ ನೀರು ಮರಳು ನೀರು. ಇದರಲ್ಲಿ ಒರೆಸುವವರ ತಪ್ಪಿಲ್ಲ, ತಿಂಗಳಿಗೆ ಒಂದಿಷ್ಟು ರೂಪಾಯಿ ಕೊಟ್ಟು ದಿನಾ ಕಾರು ಥಳಥಳ ಅನ್ನಬೇಕು ಅಂತ ಕೇಳುವವರು ನಾವು. ಅವರ ಜೊತೆ ಮಾತಾಡಿ. ದಿನಾ ಒರೆಸುವುದು ಬೇಡ, ವಾರಕ್ಕೆ ಎರಡೇ ದಿನ ಸಾಕು, ದುಡ್ಡು ಅಷ್ಟೇ ಕೊಡುತ್ತೇನೆ, ಆದರೆ ನನ್ನ ಕಾರಿಗೆ ನನ್ನದೇ ಬಟ್ಟೆ, ಹೊಸ ನೀರು ಅಂತ ಹೇಳಿ. ಖುಷಿಯಿಂದ ಒಪ್ಪುತ್ತಾರೆ.

ಮುಖ್ಯ ವಿಷಯ ಇದು: ಒಣ ಧೂಳು ಪೇಂಟ್ ಮೇಲೆ ಸುಮ್ನೆ ಕೂತರೆ ನಷ್ಟ ಬಹಳ ಕಡಿಮೆ. ಅದನ್ನು ಬಟ್ಟೆಯಿಂದ ಎಳೆದಾಗಲೇ ಗೀರು. ಎರಡು ದಿನದ ಧೂಳಿಗೆ ಏನೂ ಮಾಡಬೇಡಿ. ನಿಜವಾಗಲೂ, ಏನೂ ಮಾಡಬೇಡಿ. ಗಾಜು, ಕನ್ನಡಿ, ಲೈಟು, ನಂಬರ್ ಪ್ಲೇಟ್ ಒದ್ದೆ ಬಟ್ಟೆಯಲ್ಲಿ ಒರೆಸಿ ಹೊರಡಿ. ಸಿಮೆಂಟ್ ಧೂಳು ಮಾತ್ರ ಬೇರೆ. ಪಕ್ಕದಲ್ಲಿ ಕಟ್ಟಡ ಕಟ್ಟುತ್ತಿದ್ದರೆ, ಬೆಳಗಿನ ಇಬ್ಬನಿ ಸೇರಿ ಅದು ಗಟ್ಟಿಯಾಗುತ್ತದೆ. ಅದನ್ನು ಒರೆಸದೆ ಬರೀ ನೀರು ಸುರಿದು ಇಳಿಸಿ. ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆಯ ಅದಿರಿನ ಧೂಳಿಗೂ ಮೊದಲು ನೀರು, ಆಮೇಲೇ ಬಟ್ಟೆ.

ನೀರೇ ಕಷ್ಟ ಅನ್ನುವವರಿಗೆ ಒಂದು ದಾರಿ ಇದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5,000 ರೂಪಾಯಿ ದಂಡ ಅಂತ ಹೇಳಿತ್ತು. ಆ ಬೇಸಿಗೆಯಲ್ಲಿ ಪೈಪ್ ಹಿಡಿದು ಕಾರು ತೊಳೆಯುವುದು ಸರಿಯೂ ಇರಲಿಲ್ಲ. ರಿನ್ಸ್‌ಲೆಸ್ ವಾಶ್, ಅಂದರೆ ಒರೆಸಿದ ಮೇಲೆ ಮತ್ತೆ ನೀರು ಹಾಕಿ ತೊಳೆಯಬೇಕಿಲ್ಲದ ದ್ರವಕ್ಕೆ ಅರ್ಧ ಬಕೆಟ್ ನೀರು ಸಾಕು. ಬಾಟಲಿಯ ಮೇಲೆ ಬರೆದಷ್ಟು ಮಾತ್ರ ಹಾಕಿ, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ ಅದರಲ್ಲಿ ನೆನೆಹಾಕಿ. ಬಟ್ಟೆಯನ್ನು ಎರಡು ಸಲ ಅರ್ಧಕ್ಕೆ ಮಡಿಸಿದರೆ ಎಂಟು ಮುಖ ಸಿಗುತ್ತದೆ. ಒಂದು ಮುಖ, ಒಂದು ಎಳೆತ, ಒಂದೇ ದಿಕ್ಕು. ಕೊಳೆಯಾದ ಮುಖವನ್ನು ಮತ್ತೆ ಪೇಂಟಿಗೆ ತಾಗಿಸಬೇಡಿ, ಬಕೆಟ್ಟಿಗೂ ವಾಪಸ್ ಹಾಕಬೇಡಿ. ಛಾವಣಿಯಿಂದ ಶುರು, ಬಾಗಿಲ ಕೆಳಭಾಗ ಕೊನೆಗೆ, ಯಾಕಂದರೆ ಮರಳು ಅಲ್ಲೇ ಜಾಸ್ತಿ. ಹಿಂದೆಯೇ ಒಣ ಬಟ್ಟೆಯಿಂದ ನೀರು ಒತ್ತಿ ತೆಗೆಯಿರಿ. ಕೆಸರು ಮೆತ್ತಿದ ಕಾರಿಗೆ ಮಾತ್ರ ಇದು ಆಗಲ್ಲ, ಅದಕ್ಕೆ ನೀರಿನ ಒತ್ತಡ ಬೇಕೇ ಬೇಕು.

ಈ ಮೈಕ್ರೋಫೈಬರ್ ಬಟ್ಟೆ ಒಗೆಯುವಾಗ ಹತ್ತಿ ಬಟ್ಟೆಯ ಜೊತೆ ಹಾಕಬೇಡಿ, ನೂಲು ಹಿಡಿಯುತ್ತದೆ. ಕಂಫರ್ಟ್‌ನಂಥ ಸಾಫ್ಟ್‌ನರ್ ಬೇಡ, ಎಳೆಗಳ ಮೇಲೆ ಪದರ ಕೂತು ನೀರು ಹೀರುವುದು ನಿಲ್ಲಿಸುತ್ತದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಚಕ್ರ ಒರೆಸಲು ಮಾತ್ರ ಬಳಸಿ. ಬಟ್ಟೆ ಸೋಪಿನ ಪುಡಿ, ಪಾತ್ರೆ ಸೋಪು ಪೇಂಟಿಗೆ ಬೇಡ, ವ್ಯಾಕ್ಸ್ ಕಿತ್ತು ಹೋಗುತ್ತದೆ.

ಕಾರಿಗೆ ಕವರ್ ಹಾಕುವವರು ಒಂದು ನೆನಪಿಡಿ. ಧೂಳಿನ ಕಾರಿನ ಮೇಲೆ ಕವರ್ ಹೊದಿಸಿದರೆ, ಗಾಳಿಗೆ ಅದು ಆಡಿದಷ್ಟೂ ಗೀರು. ಗೀರು ಬಾನೆಟ್ಟಿಗಿಂತ ಅಂಚುಗಳಲ್ಲಿ, ಕನ್ನಡಿಯ ಮೇಲೆ ಜಾಸ್ತಿ ಇದ್ದರೆ ಕವರೇ ಕಾರಣ.

ಸೆರಾಮಿಕ್ ಕೋಟಿಂಗ್ (ಪೇಂಟ್ ಮೇಲೆ ಹಚ್ಚಿಸುವ ಗಟ್ಟಿ ರಕ್ಷಣೆ ಪದರ) ಮಾಡಿಸಿದ್ದೇನೆ, ಇದೆಲ್ಲ ನನಗ್ಯಾಕೆ ಅನ್ನುವವರೂ ಇದ್ದಾರೆ. ಕೋಟಿಂಗ್ ಇದ್ದರೆ ಕೊಳೆ ಬೇಗ ಬಿಡುತ್ತದೆ, ಅದು ನಿಜ. ಆದರೆ ಮರಳು ಹಾಕಿ ಉಜ್ಜಿದರೆ ಅದರ ಮೇಲೂ ಗೀರು ಬೀಳುತ್ತದೆ, ಬೋರ್‌ವೆಲ್ ನೀರು ಒಣಗಿದರೆ ಅದರ ಮೇಲೂ ಚುಕ್ಕೆ ಕೂರುತ್ತದೆ. ವ್ಯಾಕ್ಸ್ ಆಗಲಿ ಕೋಟಿಂಗ್ ಆಗಲಿ, ಇದೆಯೋ ಇಲ್ಲವೋ ಗೊತ್ತಾಗಬೇಕಾದರೆ ತೊಳೆದ ಬಾನೆಟ್ ಮೇಲೆ ನೀರು ಚಿಮುಕಿಸಿ. ದುಂಡಗೆ ಹನಿಗಟ್ಟಿ ಜಾರಿದರೆ ಇದೆ. ಚಪ್ಪಟೆಯಾಗಿ ಹರಡಿ ನಿಂತರೆ ಹೋಗಿದೆ, ಇಲ್ಲ ಅದರ ಮೇಲೆ ಕೊಳೆ ಮುಚ್ಚಿಕೊಂಡಿದೆ.

ಹಬ್ಬದ ಮಾರನೇ ದಿನ

ಆಯುಧ ಪೂಜೆಗೆ ಕಾರಿಗೆ ಅರಿಶಿನ ಕುಂಕುಮ ಹಚ್ಚದೆ ಇರಲು ಆಗುತ್ತದಾ? ಹಚ್ಚಿ. ಹಚ್ಚುವ ಜಾಗ ಮಾತ್ರ ನಂಬರ್ ಪ್ಲೇಟಿನ ಮೇಲ್ಗಡೆಯೋ ಗಾಜೋ ಇರಲಿ, ಒಣಗಿದ ಪುಡಿಯನ್ನು ಉಜ್ಜದೆ ನೀರಿನಲ್ಲಿ ಇಳಿಸಿ. ಬಿಳಿ ಕಾರಿನಲ್ಲಿ ಅರಿಶಿನದ ತೆಳು ಹಳದಿ ಉಳಿದರೆ ಗಾಬರಿ ಬೇಡ, ಅರಿಶಿನದ ಬಣ್ಣ ಬಿಸಿಲಿಗೆ ತಾನಾಗಿ ಮಾಸುತ್ತದೆ. ಕೆಂಪು ಹಾಗಲ್ಲ, ಬಣ್ಣ ಬೆರೆಸಿದ ಅಗ್ಗದ ಕುಂಕುಮ ಎಣ್ಣೆಯ ಜೊತೆ ಸೇರಿದರೆ ಕಲೆ ಹಠ ಹಿಡಿಯುತ್ತದೆ, ಅದನ್ನು ಅವತ್ತೇ ಶಾಂಪೂ ನೀರಿನಲ್ಲಿ ತೆಗೆಯಬೇಕು. ಹೂವಿನ ಹಾರಕ್ಕೆ, ಮದುವೆ ಅಲಂಕಾರಕ್ಕೆ ಅಂಟಿಸಿದ ಟೇಪಿನ ಅಂಟು ಉಳಿದಿದ್ದರೆ ನೀಲಗಿರಿ ಎಣ್ಣೆ ಒಂದೆರಡು ಹನಿ ಬಟ್ಟೆಗೆ ಹಾಕಿ ಒರೆಸಿ, ಸೋಪು ನೀರಿನಲ್ಲಿ ತೊಳೆಯಿರಿ.

ಗಾಜು ಮತ್ತು ವೈಪರ್

ರಾತ್ರಿ ಎದುರಿನ ಲೈಟು ಬಿದ್ದಾಗ ಗಾಜು ಪೂರ್ತಿ ಮಸುಕಾಗುತ್ತದೆ. ಒಳಗಿನದೋ ಹೊರಗಿನದೋ? ಒಳಗಡೆ ಬೆರಳಿನಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಸ್ವಚ್ಛವಾಗಿ ಕಂಡರೆ ಪದರ ಒಳಗಿದೆ. ಬಿಸಿಲಿಗೆ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಬಿಡುವ ಆವಿ ಗಾಜಿಗೆ ಕೂರುತ್ತದೆ, ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಚ್ಚುವವರಲ್ಲಿ ಇನ್ನೂ ಜಾಸ್ತಿ. ಹೊರಗಿನದಾದರೆ ಮುಂದಿನ ವಾಹನಗಳ ಹೊಗೆಯ ಜಿಡ್ಡು. ಪಾತ್ರೆ ಸೋಪಿನ ಎರಡು ಹನಿಯನ್ನು ನೀರಿಗೆ ಹಾಕಿ ಗಾಜಿಗೆ ಮಾತ್ರ ಬಳಸಬಹುದು.

ವೈಪರ್ ಕಟಕಟ ಅಂತ ಕುಣಿದರೆ ಗಾಜಿನ ಮೇಲೆ ಜಿಡ್ಡಿದೆ, ಇಲ್ಲ ರಬ್ಬರ್ ಗಟ್ಟಿಯಾಗಿದೆ. ಒಂದೇ ಜಾಗದಲ್ಲಿ ಗೆರೆ ಬಿಟ್ಟರೆ ರಬ್ಬರಿನ ಅಂಚು ಹರಿದಿದೆ ಅಥವಾ ಮರಳು ಕೂತಿದೆ. ಒದ್ದೆ ಬಟ್ಟೆಯಲ್ಲಿ ಅಂಚು ಒರೆಸಿ ನೋಡಿ, ಆಗಲೂ ಗೆರೆ ಬಂದರೆ ಬದಲಾಯಿಸಿ. ಒಣ ಗಾಜಿನ ಮೇಲೆ ವೈಪರ್ ಹಾಕಲೇಬೇಡಿ. ನೀರು ಚಿಮ್ಮುವ ಟ್ಯಾಂಕಿಗೆ ತಲೆಗೆ ಹಾಕುವ ಶಾಂಪೂ, ಬೋರ್‌ವೆಲ್ ನೀರು ಎರಡೂ ಬೇಡ, ಸಣ್ಣ ರಂಧ್ರ ಕಟ್ಟಿಕೊಳ್ಳುತ್ತದೆ.

ಇದರ ಜೊತೆಗೆ ಮುಂಗಾರಿಗೆ ಮುಂಚೆ ತಪ್ಪದೆ ಮಾಡುವ ಕೆಲಸ ಒಂದಿದೆ. ಬಾನೆಟ್ ಎತ್ತಿ, ಮುಂದಿನ ಗಾಜಿನ ಬುಡದಲ್ಲಿ, ವೈಪರ್ ಕೆಳಗಿರುವ ಜಾಲರಿಯ ಸುತ್ತ ಸೇರಿದ ಎಲೆ ಕಸ ತೆಗೆಯಿರಿ. ಗುಲ್‌ಮೊಹರ್ ಮರದ ಎಲೆಗಳು ಅಕ್ಕಿ ಕಾಳಿನಷ್ಟು ಸಣ್ಣವು, ನೀರು ಹೋಗುವ ತೂತಿನೊಳಗೆ ಇಳಿದು ಕಟ್ಟುತ್ತವೆ. ಮಳೆಯಲ್ಲಿ ಕಾಲ ಬಳಿಯ ಮ್ಯಾಟ್ ಒದ್ದೆಯಾಗುತ್ತಿದ್ದರೆ, ಎಸಿ ಹಾಕಿದಾಗ ಕೊಳೆತ ಎಲೆಯ ವಾಸನೆ ಬರುತ್ತಿದ್ದರೆ ಮೊದಲು ನೋಡಬೇಕಾದ ಜಾಗ ಇದೇ. ಬಾಗಿಲುಗಳ ಕೆಳ ಅಂಚಿನಲ್ಲೂ ನೀರು ಹರಿದು ಹೋಗಲು ಸಣ್ಣ ತೂತುಗಳಿವೆ. ಅವು ಮುಚ್ಚಿದರೆ ಬಾಗಿಲೊಳಗೆ ನೀರು ನಿಂತು ಒಳಗಿನಿಂದಲೇ ತುಕ್ಕು. ಮಂಗಳೂರು, ಉಡುಪಿ, ಕಾರವಾರದ ಕಡೆ ಸಮುದ್ರದ ಉಪ್ಪು ಗಾಳಿ ಬೇರೆ ಇರುವುದರಿಂದ ಕಾರಿನ ತಳಭಾಗಕ್ಕೂ ಸಿಹಿನೀರು ಹೊಡೆಸಬೇಕು.

ಹಳದಿ ಲೈಟು, ಬೂದು ಪ್ಲಾಸ್ಟಿಕ್

ಹೆಡ್‌ಲೈಟಿನ ಕವಚ ಪಾಲಿಕಾರ್ಬೊನೇಟ್. ಅದರ ಮೇಲಿನ ರಕ್ಷಣೆ ಪದರ ಬಿಸಿಲಿಗೆ ಹೋದ ಮೇಲೆ ಹಳದಿಯಾಗುತ್ತದೆ. ಟೂತ್‌ಪೇಸ್ಟ್ ಉಜ್ಜಿದರೆ ಬೆಳ್ಳಗಾಗುವುದು ಹೌದು, ಆದರೆ ಉಳಿದ ರಕ್ಷಣೆಯೂ ಹೋಗಿ ಬೇಗ ಮತ್ತೆ ಹಳದಿ. ಉಜ್ಜಿಸಿದ ಮೇಲೆ ಯುವಿ, ಅಂದರೆ ಬಿಸಿಲಿನ ಅತಿನೇರಳೆ ಕಿರಣ, ತಡೆಯುವ ಕೋಟಿಂಗ್ ಹಾಕಿಸದಿದ್ದರೆ ಉಜ್ಜಿಸಿದ್ದೇ ದಂಡ. ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬಿಳಿ ಗೆರೆ ಇದ್ದರೆ ಅದು ಒಣಗಿದ ವ್ಯಾಕ್ಸ್, ಹಳೆ ಟೂತ್‌ಬ್ರಷ್ಷಿಗೆ ಶಾಂಪೂ ನೀರು ಹಾಕಿ ತಿಕ್ಕಿದರೆ ಹೋಗುತ್ತದೆ. ಪೂರ್ತಿ ಬೂದಾಗಿದ್ದರೆ ಬಿಸಿಲಿನ ಕೆಲಸ.

ಚಕ್ರ ನೋಡಿ ರೋಗ ಹೇಳುವುದು

ಮಲೆನಾಡಿನ ಕೆಮ್ಮಣ್ಣಿನಲ್ಲಿ ಓಡಾಡಿ ಬಂದ ಮೇಲೆ ಕಾರು ವೇಗದಲ್ಲಿ ನಡುಗಲು ಶುರು ಮಾಡಿದರೆ, ಬ್ಯಾಲೆನ್ಸಿಂಗ್‌ಗೆ ದುಡ್ಡು ಕೊಡುವ ಮೊದಲು ಚಕ್ರದ ಒಳಬದಿ ಇಣುಕಿ ನೋಡಿ. ಅಲ್ಲಿ ಒಂದು ಪಕ್ಕಕ್ಕೆ ಮೆತ್ತಿ ಒಣಗಿದ ಮಣ್ಣೇ ಸಾಕು ಸ್ಟೀರಿಂಗ್ ನಡುಗಿಸಲು. ಪೈಪ್ ಹಿಡಿದು ಪೂರ್ತಿ ಕರಗಿಸಿ, ಮತ್ತೆ ಓಡಿಸಿ ನೋಡಿ.

ಮುಂದಿನ ಚಕ್ರಗಳ ಮೇಲೆ ಕಪ್ಪು ಪುಡಿ ಹಿಂದಿನವಕ್ಕಿಂತ ಜಾಸ್ತಿ ಇರುವುದು ಸಹಜ, ಬ್ರೇಕಿನ ಹೆಚ್ಚಿನ ಭಾರ ಮುಂದಕ್ಕೇ ಬೀಳುವುದು. ಆದರೆ ಎಡಕ್ಕೂ ಬಲಕ್ಕೂ ಹೋಲಿಸಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ತೊಳೆದ ವಾರದೊಳಗೆ ಒಂದು ಮುಂಚಕ್ರ ಮಾತ್ರ ಕಪ್ಪಾಗಿ, ಅದರ ಜೋಡಿ ಚೊಕ್ಕಟವಾಗಿದ್ದರೆ, ಸ್ವಲ್ಪ ದೂರ ಓಡಿಸಿ ನಿಲ್ಲಿಸಿದಾಗ ಆ ಚಕ್ರದ ಹತ್ತಿರ ಕೈ ಹಿಡಿದರೆ ಬಿಸಿ ಹೊಡೆಯುತ್ತಿದ್ದರೆ, ಅಲ್ಲಿ ಬ್ರೇಕ್ ಪೂರ್ತಿ ಬಿಡುತ್ತಿಲ್ಲ, ಕ್ಯಾಲಿಪರ್ (ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಭಾಗ) ಹಿಡಿದುಕೊಂಡಿರುವ ಸಾಧ್ಯತೆ ಜಾಸ್ತಿ. ಚಕ್ರವನ್ನು ಮುಟ್ಟಬೇಡಿ, ಸುಡುತ್ತದೆ. ಬಿಸಿಯಾದ ಡಿಸ್ಕಿಗೆ ತಣ್ಣೀರು ಸುರಿಯಬೇಡಿ. ಅವತ್ತೇ ಮೆಕ್ಯಾನಿಕ್ ಹತ್ತಿರ ತೋರಿಸಿ, ಚಕ್ರ ಆಮೇಲೆ ತೊಳೆದರಾಯಿತು.